ಕಣಕ್ಕೆ ಹತ್ತಿರ, ಪರೀಕ್ಷೆಗೆ ದೂರ: ದಾವಣಗೆರೆಯ ಒಂದು ಮೆಕ್ಕೆಜೋಳ ಒಕ್ಕಣೆ ಯಂತ್ರದ ವಿಮರ್ಶೆ

ದಾವಣಗೆರೆಯ ಹೊರವಲಯದ ಒಂದು ಕುಟುಂಬದ ವರ್ಕ್‌ಶಾಪಿನಲ್ಲಿ ತಯಾರಾದ, ಟ್ರ್ಯಾಕ್ಟರಿನ ಪಿಟಿಓ ಶಾಫ್ಟಿನಿಂದ (ಇಂಜಿನಿನ ಶಕ್ತಿಯನ್ನು ಹೊರಗಿನ ಯಂತ್ರಕ್ಕೆ ಕೊಡುವ ದಂಡದಿಂದ) ಓಡುವ ಮೆಕ್ಕೆಜೋಳದ ಒಕ್ಕಣೆ ಯಂತ್ರವನ್ನು ನಾವು ಜಗಳೂರು ತಾಲ್ಲೂಕಿನ ನಮ್ಮ ಹೊಲದಲ್ಲಿಯೂ ನೆರೆಯವರ ಕಣಗಳಲ್ಲಿಯೂ ಕೆಲವು ಸುಗ್ಗಿಗಳಿಂದ ಬಳಸುತ್ತಿದ್ದೇವೆ. ಇದಕ್ಕೆ ಬ್ರ್ಯಾಂಡ್ ಎಂಬುದಿಲ್ಲ. ಪಕ್ಕದ ತಗಡಿನ ಮೇಲೆ ಕೊಂಡವರ ಮನೆದೇವರ ಹೆಸರನ್ನೂ ಊರಿನ ಹೆಸರನ್ನೂ ಬಣ್ಣದಲ್ಲಿ ಬರೆಸಿಕೊಡುತ್ತಾರೆ. ತಯಾರಕರ ಗುರುತೆಂದರೆ ಮೂಲೆಯಲ್ಲಿರುವ ಒಂದು ಮೊಬೈಲ್ ಸಂಖ್ಯೆ ಮಾತ್ರ. ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಹಸಿ ತೆನೆಯನ್ನು ಒಕ್ಕುವುದರಲ್ಲಿ ಈ ಯಂತ್ರವು ನಮ್ಮ ಭಾಗಕ್ಕೆ ಬರುವ ಹೊರರಾಜ್ಯದ ಯಂತ್ರಗಳಿಗಿಂತ ಮೇಲು, ಬಾಳಿಕೆಯಲ್ಲಿಯೂ ಸುರಕ್ಷತೆಯಲ್ಲಿಯೂ ಅವುಗಳಿಗಿಂತ ಕೆಳಗೆ. ಈ ಮೇಲು ಕೀಳುಗಳೆರಡಕ್ಕೂ ಮುಖ್ಯ ಕಾರಣ ತಯಾರಕರ ಜಾಣತನವೋ ಉದಾಸೀನವೋ ಅಲ್ಲ, ಅವರ ವರ್ಕ್‌ಶಾಪ್ ಇರುವ ಜಾಗ ಎಂಬುದು ನನ್ನ ಅಭಿಪ್ರಾಯ. ಹಾಗಾಗಿ ಯಂತ್ರದ ಗುಣದೋಷಗಳ ಜೊತೆಗೆ ಆ ಜಾಗದ ವಿಚಾರವನ್ನೂ ಇಲ್ಲಿ ಬಿಡಿಸಿ ನೋಡಬೇಕಾಗಿದೆ.

ನಮ್ಮ ದೇಶದಲ್ಲಿ ಒಕ್ಕಣೆ ಯಂತ್ರದ ಉದ್ಯಮ ದೊಡ್ಡದಾಗಿ ಬೆಳೆದದ್ದು ಪಂಜಾಬಿನಲ್ಲಿ, ಹಸಿರು ಕ್ರಾಂತಿಯ ಗೋಧಿಯ ಬೆನ್ನಿಗೆ. ಅಲ್ಲಿ ಗೋಧಿ ಕೊಯ್ಲಿಗೆ ಬರುವುದು ಏಪ್ರಿಲ್ ತಿಂಗಳ ಬಿಸಿಲಿನಲ್ಲಿ. ಯಂತ್ರದ ಬಾಯಿಗೆ ಹೋಗುವ ಪೈರು ಗರಿಗರಿಯಾಗಿ ಒಣಗಿರುತ್ತದೆ. ದಾವಣಗೆರೆ ಸೀಮೆಯ ಮೆಕ್ಕೆಜೋಳದ ಪಾಡು ಇದಕ್ಕೆ ಪೂರ್ತಿ ವಿರುದ್ಧ. ಜೂನ್ ಜುಲೈನಲ್ಲಿ ಬಿತ್ತಿದ ಬೆಳೆ ಅಕ್ಟೋಬರ್ ನವೆಂಬರಿನಲ್ಲಿ, ಅಂದರೆ ಹಿಂಗಾರು ಮಳೆಯ ಮೋಡ ಇನ್ನೂ ತಲೆಯ ಮೇಲಿರುವಾಗಲೇ ಕೊಯ್ಲಿಗೆ ಬರುತ್ತದೆ. ತೆನೆ ಗಿಡದಲ್ಲೇ ಒಣಗಲಿ ಎಂದು ಕಾಯುವಷ್ಟು ಪುರಸೊತ್ತು ದೀಪಾವಳಿಯ ಖರ್ಚು, ಸೊಸೈಟಿಯ ಸಾಲ, ಮುಂದಿನ ಬಿತ್ತನೆ ಎಲ್ಲವೂ ಒಟ್ಟಿಗೇ ಎದುರಾಗುವ ಹೊತ್ತಿನಲ್ಲಿ ಯಾರಿಗೂ ಇರುವುದಿಲ್ಲ. ಕಾಳಿನ ತೇವಾಂಶ ಆಗ ಶೇ. 20ನ್ನು ದಾಟಿರುವುದು ಸಾಮಾನ್ಯ. ಇಂಥ ತೆನೆಯನ್ನು ಒಣ ಪೈರಿಗೆಂದು ಹೊಂದಿಸಿದ ಯಂತ್ರಕ್ಕೆ ಹಾಕಿದರೆ ಎರಡು ಕೆಡುಕು ಒಟ್ಟಿಗೆ ಆಗುತ್ತವೆ: ಮೆತ್ತಗಿನ ಕಾಳು ಡ್ರಮ್ಮಿನ ಹಲ್ಲುಗಳ ಏಟಿಗೆ ಒಡೆಯುತ್ತದೆ, ಸಿಪ್ಪೆ ಹರಿಯದೆ ನಾರಾಗಿ ಸುತ್ತಿಕೊಂಡು ಡ್ರಮ್ಮಿನ ಕೆಳಗಿನ ಜಾಲರಿಯನ್ನು ಕಟ್ಟಿಬಿಡುತ್ತದೆ. ಒಡಕು ಕಾಳು ಹೆಚ್ಚಿದರೆ ಎಪಿಎಂಸಿಯಲ್ಲಿ ದರ ಬೀಳುವುದಷ್ಟೇ ಅಲ್ಲ, ಹಸಿಯಾದ ಒಡಕಿಗೆ ಬೂಷ್ಟು ಬೇಗ ಹತ್ತಿ, ಅದರಿಂದ ಅಫ್ಲಟಾಕ್ಸಿನ್ ಎಂಬ ವಿಷ ಸೇರಿಕೊಳ್ಳುವ ಅಪಾಯವೂ ಇದೆ. ನಮ್ಮ ಊರಿಗೆ ಬಾಡಿಗೆಗೆ ಬರುತ್ತಿದ್ದ, ಹೆಸರುವಾಸಿ ಕಂಪನಿಯೊಂದರ ಯಂತ್ರ ಬಿಸಿಲು ಕಾದ ದಿನಗಳಲ್ಲಿ ಅಚ್ಚುಕಟ್ಟಾಗಿ ಓಡುತ್ತಿತ್ತು. ಮೋಡ ಮುಚ್ಚಿದ ದಿನಗಳಲ್ಲಿ ಅದರ ಚಾಲಕ ಒಕ್ಕುವುದಕ್ಕಿಂತ ಜಾಲರಿ ಬಿಚ್ಚುವುದರಲ್ಲಿ ಹೆಚ್ಚು ಹೊತ್ತು ಕಳೆಯುತ್ತಿದ್ದ.

ದಾವಣಗೆರೆಯ ಯಂತ್ರದಲ್ಲಿ ಈ ತೊಂದರೆಗೆ ಕಂಡುಕೊಂಡಿರುವ ಉಪಾಯ ನೋಡಲು ಸರಳವಾದದ್ದು. ಡ್ರಮ್ಮಿಗೂ ಜಾಲರಿಗೂ ನಡುವಿನ ಸಂದನ್ನು ಹೊರಗಿನಿಂದಲೇ ಎರಡು ಬೋಲ್ಟುಗಳಲ್ಲಿ ಹೆಚ್ಚು ಕಡಿಮೆ ಮಾಡಬಹುದು. ಪಿಟಿಓ ನಿಮಿಷಕ್ಕೆ 540 ಸುತ್ತಿನಲ್ಲೇ ತಿರುಗುತ್ತಿದ್ದರೂ ಡ್ರಮ್ಮಿನ ವೇಗ ತಗ್ಗಿಸಲು ಅನುಕೂಲವಾಗುವಂತೆ ಬೇರೆ ಬೇರೆ ಅಳತೆಯ ಎರಡು ಪುಲ್ಲಿಗಳನ್ನು ಜೊತೆಗೇ ಕೊಡುತ್ತಾರೆ: ಹಸಿ ತೆನೆಗೆ ಒಂದು, ಒಣ ತೆನೆಗೆ ಒಂದು. ಜಾಲರಿಯ ಸರಳುಗಳನ್ನು ಅಡ್ಡಡ್ಡ ಒತ್ತಾಗಿ ಕೂರಿಸುವ ಬದಲು ತುಸು ಓರೆಯಾಗಿ, ಬಿಡಿಬಿಡಿಯಾಗಿ ಬೆಸೆದಿರುವುದರಿಂದ ನಾರು ಸಿಕ್ಕಿಕೊಳ್ಳದೆ ಜಾರಿ ಹೋಗುತ್ತದೆ. ಮೇಲಿನ ಜರಡಿಯ ತೂತುಗಳೂ ದೊಡ್ಡವು. ಈ ಮಾರ್ಪಾಡುಗಳಲ್ಲಿ ಯಾವುದನ್ನೂ ಯಾರೂ ಕುಳಿತು ನಕ್ಷೆ ಬರೆದು ರೂಪಿಸಿದ್ದಲ್ಲ. ಸುಗ್ಗಿಯ ನಡುವೆ ಒಬ್ಬ ಬಾಡಿಗೆ ಮೆಷಿನಿನ ಮಾಲೀಕ ಫೋನು ಮಾಡಿ, "ಈ ಸಲ ಹಸಿ ಜಾಸ್ತಿ ಐತಣ್ಣ, ಜಾಲ್ರಿ ಕಟ್ಟಿಕೆಂತೈತಿ" ಎಂದರೆ ವರ್ಕ್‌ಶಾಪಿನ ಮಗ ಬೈಕಿನಲ್ಲಿ ಕಣಕ್ಕೇ ಬಂದು, ಸಿಕ್ಕಿಕೊಂಡ ಸಿಪ್ಪೆಯನ್ನು ಕೈಯಲ್ಲಿ ಹಿಡಿದು ನೋಡಿ, ಸಂಜೆಯೊಳಗೆ ಒಂದು ಸರಳನ್ನು ಕತ್ತರಿಸಿ ಹಾಕಿಕೊಟ್ಟು ಹೋಗುತ್ತಾನೆ. ಆ ಕಣದಲ್ಲಿ ಸರಿಹೋದದ್ದು ಮುಂದಿನ ಯಂತ್ರದಲ್ಲಿ ಮೊದಲಿನಿಂದಲೇ ಇರುತ್ತದೆ. ಲೂಧಿಯಾನದಲ್ಲೋ ರಾಜಕೋಟದಲ್ಲೋ ಕುಳಿತ ಇಂಜಿನಿಯರಿಗೆ ಇದೇ ದೂರು ಡೀಲರನ ಮೂಲಕ, ಮಾರಾಟ ಪ್ರತಿನಿಧಿಯ ಮೂಲಕ, ಸುಗ್ಗಿ ಮುಗಿದ ಮೇಲೆ, 'ಗ್ರಾಹಕರು ತೃಪ್ತರಾಗಿಲ್ಲ' ಎಂಬ ಒಂದು ಸಾಲಾಗಿ ತಲುಪಿದರೆ ಅದೇ ಹೆಚ್ಚು. ಸಿಪ್ಪೆಯ ಹಸಿತನ ಆ ಸಾಲಿನೊಳಗೆ ಹೋಗುವುದಿಲ್ಲ.

ಬೆಂಡಿನ ವಿಷಯವೂ ಇಂಥದ್ದೇ. ಬಹುತೇಕ ಯಂತ್ರಗಳು ಕಾಳು ಬಿಡಿಸಿದ ಬೆಂಡನ್ನು ಚೂರು ಮಾಡಿ ಸಿಪ್ಪೆಯ ಜೊತೆಗೇ ದೂರಕ್ಕೆ ಎಸೆಯುತ್ತವೆ, ಏಕೆಂದರೆ ತಯಾರಕರ ಕಣ್ಣಿಗೆ ಅದು ಕಸ. ನಮ್ಮಲ್ಲಿ ಬೆಂಡು ಬಚ್ಚಲ ಒಲೆಯ ಸೌದೆ. ಇಡಿಯಾಗಿ ಸಿಕ್ಕರೆ ಚೀಲಕ್ಕೆ ತುಂಬಿ ವರ್ಷವಿಡೀ ನೀರು ಕಾಯಿಸಲು ಇಟ್ಟುಕೊಳ್ಳುತ್ತಾರೆ. ಈ ಯಂತ್ರದ ಹಿಂಬದಿಯಲ್ಲಿ ಬೆಂಡಿಗೆಂದೇ ಒಂದು ಬೇರೆ ಬಾಯಿ ಇದೆ, ಡ್ರಮ್ಮಿನ ಕೊನೆಯ ಭಾಗದಲ್ಲಿ ಹಲ್ಲುಗಳನ್ನು ವಿರಳ ಮಾಡಿರುವುದರಿಂದ ಹೆಚ್ಚಿನ ಬೆಂಡು ಮುರಿಯದೆ ಹೊರಬೀಳುತ್ತದೆ. ಬೇಡಿಕೆ ಬಂದದ್ದು ಗಂಡಸರಿಂದಲ್ಲ, ಕಣದಲ್ಲಿ ಬೆಂಡು ಆರಿಸುತ್ತಿದ್ದ ಹೆಂಗಸರಿಂದ ಎಂದು ವರ್ಕ್‌ಶಾಪಿನವರೇ ಹೇಳಿದರು; ಯಾವ ಕಂಪನಿಯ ಗ್ರಾಹಕ ಸಮೀಕ್ಷೆಯೂ ಅವರನ್ನು ಮಾತನಾಡಿಸಿರಲಾರದು. ಎರೆ ಹೊಲದಲ್ಲಿ ಹೂತುಹೋಗದಂತೆ ಅಗಲದ ಟೈರು ಹಾಕಿರುವುದು, ಕಿರಿದಾದ ಬಂಡಿದಾರಿಯಲ್ಲಿ ತಿರುಗಿಸಲು ಎಳೆಯುವ ತೊಲೆಯನ್ನು ಗಿಡ್ಡ ಮಾಡಿರುವುದು ಇವೆಲ್ಲ ಸಣ್ಣ ವಿಷಯಗಳು, ಉಪಯೋಗವಿದೆ ಎಂದಷ್ಟೇ ಹೇಳಿದರೆ ಸಾಕು.

ಇಂಥ ಕೈಚಳಕ ಈ ಊರಿಗೆ ಎಲ್ಲಿಂದ ಬಂತು ಎಂದು ಕೇಳಿದರೆ ಉತ್ತರ ತುಂಗಭದ್ರೆಯ ದಡದಲ್ಲಿದೆ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾಯಿತು; ಅಲ್ಲಿ ತಯಾರಾದ ಲೇತುಗಳು, ಅಂದರೆ ಲೋಹ ಕಡೆಯುವ ಯಂತ್ರಗಳು, ದೇಶದ ಮೂಲೆ ಮೂಲೆಯ ವರ್ಕ್‌ಶಾಪುಗಳಿಗೆ ಹೋದವು, ಕಾರ್ಖಾನೆಯ ಸುತ್ತ ಯಂತ್ರಪುರ ಎಂಬ ಬಡಾವಣೆಯೇ ಎದ್ದಿತು. ಒಂದೇ ಕಸುಬಿನವರು ಬಹುಕಾಲ ಒಂದೆಡೆ ನೆಲೆಸಿದರೆ ಆ ಕಸುಬಿನ ಗುಟ್ಟುಗಳು ಗುಟ್ಟಾಗಿ ಉಳಿಯುವುದಿಲ್ಲ, ಅಲ್ಲಿನ ಮಕ್ಕಳಿಗೂ ತಿಳಿಯದಂತೆ ಅಂಟಿಕೊಳ್ಳುತ್ತವೆ ಎಂದು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ 1890ರಲ್ಲಿಯೇ ವಾದಿಸಿದ್ದರು. ಅವರ ಕಣ್ಣ ಮುಂದೆ ಇದ್ದದ್ದು ಶೆಫೀಲ್ಡಿನ ಚಾಕು ಕತ್ತರಿ ಮಾಡುವವರು. ಲೇತಿನಲ್ಲಿ ಕೆಲಸ ಮಾಡುವ ಹರಿಹರದ ಟರ್ನರುಗಳಿಗೂ ಅದೇ ಮಾತು ಸಲ್ಲುತ್ತದೆ. ಈ ವರ್ಕ್‌ಶಾಪಿನ ಹಿರಿಯರು ಆ ಕಾರ್ಖಾನೆಯಲ್ಲಿ ದುಡಿದವರಲ್ಲ, ಅಲ್ಲಿ ದುಡಿದು ಬಂದ ಟರ್ನರೊಬ್ಬರ ಕೈಕೆಳಗೆ ಹುಡುಗರಾಗಿ ಸೇರಿ ಕಲಿತವರು. ಲೇತ್ ಕಾರ್ಖಾನೆಯ ಬಾಗಿಲು ಮುಚ್ಚಿ ಎರಡು ದಶಕಗಳ ಮೇಲಾದರೂ, ಅಲ್ಲಿಯ ಹಳೆಯ ಲೇತೊಂದು ಇವರ ಶೆಡ್ಡಿನಲ್ಲಿ ಇಂದಿಗೂ ಶಾಫ್ಟು ಕಡೆಯುತ್ತಿದೆ. ಕಾರ್ಖಾನೆ ಊರಿಗೆ ಸಂಬಳ ತಂದಿತ್ತು ಎಂಬುದನ್ನು ಎಲ್ಲರೂ ನೆನೆಯುತ್ತಾರೆ. ಅದು ಬಿಟ್ಟುಹೋದ ಕೈಕೆಲಸದ ಲೆಕ್ಕವನ್ನು ಇಟ್ಟವರು ಕಡಿಮೆ.

ಇನ್ನು ದೋಷಗಳು. ಇವುಗಳ ಬಗ್ಗೆ ಮುಲಾಜಿಲ್ಲದೆ ಬರೆಯಬೇಕಾಗುತ್ತದೆ.

ಫ್ಯಾನಿನ ರೆಕ್ಕೆಗಳು ಸಮತೂಕದಲ್ಲಿ ಇಲ್ಲ. ಯಂತ್ರ ಪೂರ್ಣ ವೇಗಕ್ಕೆ ಬಂದಾಗ ಇಡೀ ಚೌಕಟ್ಟು ನಡುಗುತ್ತದೆ, ಆ ನಡುಕಕ್ಕೆ ಬೇರಿಂಗುಗಳು ಬೇಗ ಸವೆಯುತ್ತವೆ, ಬೆಸುಗೆಯ ಕೀಲುಗಳು ಬಿರುಕು ಬಿಡುತ್ತವೆ. ಒಂದು ಸುಗ್ಗಿಯಲ್ಲಿ ನಮ್ಮ ಯಂತ್ರದ ಫ್ಯಾನಿನ ಬೇರಿಂಗ್ ಸುಗ್ಗಿ ಮುಗಿಯುವ ಮೊದಲೇ ಹೋಯಿತು. ಕೂಡಲೇ ಬದಲಿಸಿಕೊಟ್ಟರು ಎಂಬುದು ನಿಜ, ಆದರೆ ಹಾಳಾಗದೆ ಇದ್ದಿದ್ದರೆ ಇನ್ನೂ ಒಳ್ಳೆಯದಿತ್ತು. ಡ್ರಮ್ಮಿನ ಹಲ್ಲುಗಳು ಸಾಧಾರಣ ಕಬ್ಬಿಣದವು; ಅವನ್ನು ಸರಿಯಾಗಿ ಕಾಯಿಸಿ ಹದಗೊಳಿಸಿದ್ದರೆ ಸವೆತ ಕಡಿಮೆಯಾಗುತ್ತಿತ್ತು. ಇದನ್ನು ವರ್ಕ್‌ಶಾಪಿನವರೂ ಒಪ್ಪುತ್ತಾರೆ. ಫ್ಯಾನನ್ನು ಸಮತೂಕ ಮಾಡುವ ಯಂತ್ರವಾಗಲಿ, ಲೋಹ ಹದಗೊಳಿಸುವ ನಂಬಿಕಸ್ಥ ಕುಲುಮೆಯಾಗಲಿ ಅವರ ಕೈಯಳತೆಯಲ್ಲಿ ಇಲ್ಲ, ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಒಯ್ದು ಮಾಡಿಸಿದರೆ ಸಾಗಣೆ ಖರ್ಚು ಸೇರಿ ಗಿಟ್ಟುವುದಿಲ್ಲ ಎಂಬುದು ಅವರ ಉತ್ತರ. ಪೀಣ್ಯದ ಸಣ್ಣ ತಯಾರಕನಿಗೆ ಅದೇ ಕೆಲಸ ಪಕ್ಕದ ಬೀದಿಯದು. ಬೆಳಿಗ್ಗೆ ಕೊಟ್ಟು ಸಂಜೆ ತರಬಹುದು, ತಪ್ಪಾದರೆ ಮರುದಿನ ಮತ್ತೊಂದು ಬಗೆ ಮಾಡಿಸಿ ನೋಡಬಹುದು. ಹೊಸತನ್ನು ಕಂಡುಹಿಡಿಯುವುದರಲ್ಲಿ ಹೆಚ್ಚಿನ ಪಾಲು ಈ 'ಮತ್ತೊಂದು ಬಗೆ'ಯೇ ಆಗಿರುತ್ತದೆ. ಒಂದೊಂದು ಪ್ರಯತ್ನಕ್ಕೂ 250 ಕಿಲೋಮೀಟರಿನಷ್ಟು ದೂರ ಅಡ್ಡ ಬಂದರೆ ಯಾರಾದರೂ ಮೊದಲ ಬಗೆಗೇ ತೃಪ್ತಿಪಟ್ಟುಕೊಳ್ಳುತ್ತಾರೆ. ಪೂನಾ ಬೆಂಗಳೂರು ಹೆದ್ದಾರಿ ಊರ ಪಕ್ಕದಲ್ಲೇ ಹಾದುಹೋಗುವುದರಿಂದ ಕಬ್ಬಿಣ ಬರುತ್ತದೆ, ಬೇರಿಂಗು ಬರುತ್ತದೆ. ಹದಗೊಳಿಸುವ ಕಸುಬು ಮಾತ್ರ ಲಾರಿಯಲ್ಲಿ ಬರುವುದಿಲ್ಲ.

ಇಲ್ಲಿ ಕೊಯಮತ್ತೂರನ್ನು ನೆನೆಯದೆ ಇರಲಾಗದು, ಏಕೆಂದರೆ ದಾವಣಗೆರೆಯಂತೆಯೇ ಅದೂ ಹತ್ತಿಯಿಂದ ಬೆಳೆದ ಊರು. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಬಿರುದು ಇತ್ತು, ಕೊಯಮತ್ತೂರಿಗೆ ದಕ್ಷಿಣ ಭಾರತದ ಮ್ಯಾಂಚೆಸ್ಟರ್ ಎಂಬ ಬಿರುದು. ಅಲ್ಲಿ ಮಿಲ್ಲುಗಳ ದುರಸ್ತಿ ಕೆಲಸದಿಂದ ಎರಕದ ಮನೆಗಳು ಹುಟ್ಟಿ, ಎರಕದ ಮನೆಗಳಿಂದ ಮೋಟಾರು ಪಂಪುಗಳು, ಮುಂದೆ ವೆಟ್ ಗ್ರೈಂಡರುಗಳು ಹುಟ್ಟಿದವು. ಮಿಲ್ಲುಗಳಿಗೆ ಕಷ್ಟ ಬಂದಾಗ ಊರಿನ ಕೈಯಲ್ಲಿ ಬೇರೆ ಕೆಲಸವಿತ್ತು. ದಾವಣಗೆರೆಯಲ್ಲಿ ಮಿಲ್ಲುಗಳು ಒಂದೊಂದಾಗಿ ನಿಂತಾಗ ಅಂಥ ಕೊಂಡಿ ಬೆಳೆದಿರಲಿಲ್ಲ. ಎರಡೂ ಊರುಗಳಲ್ಲಿ ಹೆಸರಾಂತ ಇಂಜಿನಿಯರಿಂಗ್ ಕಾಲೇಜು ಆರಂಭವಾದದ್ದು ಒಂದೇ ವರ್ಷ, 1951ರಲ್ಲಿ: ಇಲ್ಲಿ ಊರಿನ ದಾನಿಗಳ ಹೆಸರು ಹೊತ್ತ ಬಿ.ಡಿ.ಟಿ. ಕಾಲೇಜು, ಅಲ್ಲಿ ಪಿ.ಎಸ್.ಜಿ. ಕಾಲೇಜು. ಪಿ.ಎಸ್.ಜಿ.ಯ ಆವರಣದಲ್ಲಿ 1926ರಿಂದಲೇ ನಡೆಯುತ್ತಿದ್ದ ಕೈಗಾರಿಕಾ ಸಂಸ್ಥೆಯೊಂದು ಪಂಪು, ಮೋಟಾರು, ಲೇತುಗಳನ್ನು ತಯಾರಿಸಿ ಮಾರುತ್ತಿತ್ತು, ಆದ್ದರಿಂದ ಪಾಠದ ಕೋಣೆಗೂ ಕಾರ್ಖಾನೆಗೂ ನಡುವೆ ಒಂದು ಅಂಗಳವಷ್ಟೇ ಇತ್ತು. ಇಲ್ಲಿ ಕಾಲೇಜು ಒಂದು ಊರಿನಲ್ಲಿ, ಲೇತ್ ಕಾರ್ಖಾನೆ ಇನ್ನೊಂದು ಊರಿನಲ್ಲಿ, ಎರಡರ ನಡುವೆ ಹದಿನೈದು ಕಿಲೋಮೀಟರಿನಷ್ಟು ದಾರಿ. ಅಷ್ಟು ದೂರ ಒಂದು ದೂರವೇ ಎಂದು ಕೇಳಬಹುದು. ಅಮೆರಿಕದ ಎಂಐಟಿಯ ಥಾಮಸ್ ಅಲೆನ್ ಎಂಬವರು 1970ರ ದಶಕದಲ್ಲಿ ಇಂಜಿನಿಯರುಗಳ ನಡುವಿನ ಮಾತುಕತೆಯನ್ನು ಅಳೆದು ನೋಡಿದಾಗ, ಮೇಜಿನಿಂದ ಮೇಜಿಗೆ ದೂರ ಹೆಚ್ಚಿದಂತೆ ಮಾತುಕತೆ ಸರ್ರನೆ ಇಳಿಯುವುದೂ, ಸುಮಾರು 50 ಮೀಟರ್ ದಾಟಿದ ಮೇಲೆ ಹೆಚ್ಚೇನೂ ಉಳಿಯದಿರುವುದೂ ಕಂಡುಬಂದಿತ್ತು. ಒಂದೇ ಕಂಪನಿಯ ಒಂದೇ ಕಟ್ಟಡದೊಳಗಿನ ಕಥೆ ಇದಾದರೆ, ಬೇರೆ ಬೇರೆ ಸಂಸ್ಥೆಗಳ ನಡುವಿನದನ್ನು ಊಹಿಸಿಕೊಳ್ಳಬಹುದು.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಕೊರತೆ ಸುರಕ್ಷತೆಯದು. ತೆನೆ ಹಾಕುವ ಬಾಯಿ ಗಿಡ್ಡವಾಗಿದೆ. ಒಕ್ಕಣೆ ಯಂತ್ರಗಳಲ್ಲಿ ಕೈ ಕಳೆದುಕೊಂಡವರ ಸಂಖ್ಯೆ ಏರಿದ್ದರಿಂದಲೇ ಕೇಂದ್ರ ಸರ್ಕಾರ 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆಯನ್ನು ತಂದಿತು. ಭಾರತೀಯ ಮಾನಕ ಸಂಸ್ಥೆಯ ಮಾನದಂಡದ ಪ್ರಕಾರ ತೆನೆ ಅಥವಾ ಪೈರು ಹಾಕುವ ದೋಣಿ ಕನಿಷ್ಠ 90 ಸೆಂಟಿಮೀಟರ್ ಉದ್ದವಿದ್ದು, ಡ್ರಮ್ಮಿನ ಕಡೆಯ ಅರ್ಧದಷ್ಟು ಭಾಗ ಮೇಲಿನಿಂದ ಮುಚ್ಚಿರಬೇಕು. ಆಗ ಕೆಲಸಗಾರನ ಕೈ ಎಷ್ಟು ಚಾಚಿದರೂ ಹಲ್ಲುಗಳನ್ನು ಮುಟ್ಟುವುದಿಲ್ಲ. ನಮಗೆ ಬಂದ ಯಂತ್ರದಲ್ಲಿ ದೋಣಿ ಇದಕ್ಕಿಂತ ಗಿಡ್ಡವಾಗಿತ್ತು, ಬೆಲ್ಟಿಗೆ ಹೊದಿಕೆಯೂ ಇರಲಿಲ್ಲ. ಕೇಳಿದ ಮೇಲೆ ಉದ್ದ ಮಾಡಿ, ಹೊದಿಕೆ ಹಾಕಿಕೊಟ್ಟರು. ಗಿಡ್ಡ ದೋಣಿಯಾದರೆ ತೆನೆ ಬೇಗ ಸುರಿಯಬಹುದು ಎಂದು ಬಾಡಿಗೆ ಮಾಲೀಕರೇ ಹಾಗೆ ಬೇಕೆನ್ನುತ್ತಾರಂತೆ. ಗ್ರಾಹಕನಿಗೆ ತೀರ ಹತ್ತಿರವಿರುವುದರ ಕೆಡುಕು ಇದೇ: ಆತ ಕೇಳಿದ ಒಳ್ಳೆಯದನ್ನೂ ಮಾಡಿಕೊಡುತ್ತಾರೆ, ಆತ ಕೇಳಿದ ಕೆಟ್ಟದ್ದನ್ನೂ ಮಾಡಿಕೊಡುತ್ತಾರೆ. ನಡುವೆ ನಿಂತು ಬೇಡ ಎನ್ನುವ ಮೂರನೆಯವರು ಬೇಕಾಗುತ್ತದೆ. ಅಂಥ ಮೂರನೆಯವರು ಎಂದರೆ ಪರೀಕ್ಷಾ ಕೇಂದ್ರ. ದಕ್ಷಿಣ ಭಾರತಕ್ಕೆಂದು ಕೇಂದ್ರ ಸರ್ಕಾರ ನಡೆಸುವ ಕೃಷಿ ಯಂತ್ರಗಳ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಇರುವುದು ಚಿತ್ರದುರ್ಗ ಜಿಲ್ಲೆಯಿಂದಾಚೆ, ಆಂಧ್ರದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ. ಭೂಪಟದಲ್ಲಿ ಅದು ದೂರವಲ್ಲ. ಆದರೆ ವರ್ಷಕ್ಕೆ ಬೆರಳೆಣಿಕೆಯ ಯಂತ್ರ ಮಾರುವ, ಪ್ರತಿ ಯಂತ್ರವನ್ನೂ ಒಂದಿಷ್ಟು ಬದಲಿಸುವ ವರ್ಕ್‌ಶಾಪಿಗೆ ಒಂದು ಮಾದರಿಯನ್ನು ಗೊತ್ತುಮಾಡಿ, ಶುಲ್ಕ ಕಟ್ಟಿ, ಕಾದು ವರದಿ ತರುವುದು ಒಗ್ಗುವ ಕೆಲಸವಲ್ಲ. ವರದಿ ಇಲ್ಲದ ಯಂತ್ರಕ್ಕೆ ಸರ್ಕಾರದ ಸಹಾಯಧನವೂ ಸಿಗುವುದಿಲ್ಲ. ಕೊಯಮತ್ತೂರಿನ ಪಂಪು ತಯಾರಕರು ತಮ್ಮ ಸಂಘದ ಮೂಲಕ ಸಿಟಾರ್ಕ್ ಎಂಬ ಪರೀಕ್ಷಾ ಕೇಂದ್ರವನ್ನು ತಮ್ಮೂರಿನಲ್ಲಿಯೇ ಕಟ್ಟಿಕೊಂಡರು. ದಾವಣಗೆರೆ, ಹರಿಹರ, ರಾಣೆಬೆನ್ನೂರಿನ ಒಕ್ಕಣೆ ಯಂತ್ರದವರು ಒಟ್ಟುಗೂಡಿದರೆ ಅಂಥದ್ದೊಂದು ಅಸಾಧ್ಯವೇನಲ್ಲ, ಈಗಂತೂ ಒಬ್ಬರ ಜಾಲರಿಯ ಓರೆಯನ್ನು ಇನ್ನೊಬ್ಬರು ಕದ್ದು ನೋಡುವುದರಲ್ಲಿಯೇ ಅವರ ಒಡನಾಟ ಮುಗಿಯುತ್ತದೆ.

ಪರೀಕ್ಷೆಯ ಮಾತು ಬಂದಿರುವುದರಿಂದ ಒಂದು ಪಕ್ಕದ ಮಾತು. ದೇಶದ ಅತ್ಯಂತ ಹೊಸ ಯಂತ್ರಗಳಲ್ಲಿ ಕೆಲವು ಪರೀಕ್ಷೆಗೆ ಒಳಗಾಗುವುದು ನಮ್ಮ ನೆರೆಯ ಚಳ್ಳಕೆರೆಯ ಬಯಲಿನಲ್ಲಿಯೇ. ಇಸ್ರೊ ತನ್ನ ಮರುಬಳಕೆಯ ಉಡಾವಣಾ ವಾಹನವನ್ನು ಹೆಲಿಕಾಪ್ಟರಿನಿಂದ ಕೆಳಗೆ ಬಿಟ್ಟು, ತಾನಾಗಿಯೇ ಓಡುದಾರಿಗೆ ಇಳಿಯುವಂತೆ ಮಾಡಿದ ಪ್ರಯೋಗಗಳು 2023ರ ಏಪ್ರಿಲ್‌ನಿಂದ 2024ರ ಜೂನ್‌ವರೆಗೆ ಮೂರು ಸಲ ಅಲ್ಲಿನ ಡಿಆರ್‌ಡಿಒ ಪರೀಕ್ಷಾ ವಲಯದಲ್ಲಿ ನಡೆದವು. ಆ ಪ್ರಯೋಗಗಳಿಗೆ ಚಳ್ಳಕೆರೆಯಿಂದ ಬೇಕಾದದ್ದು ಬಯಲು ಮಾತ್ರ; ಊರಿನ ಕಸುಬು ಬೇಕಾಗಿರಲಿಲ್ಲ, ಊರಿಗೆ ಕಸುಬು ಕಲಿಸುವುದೂ ಅವುಗಳ ಉದ್ದೇಶವಾಗಿರಲಿಲ್ಲ. ದೊಡ್ಡ ಸಂಸ್ಥೆ ಪಕ್ಕದಲ್ಲಿ ಬಂದು ಕುಳಿತರೆ ಸುತ್ತಲಿನ ಸಣ್ಣ ಉದ್ಯಮ ತಾನಾಗಿ ಚಿಗುರುತ್ತದೆ ಎಂದು ನಂಬುವವರು ಹರಿಹರವನ್ನೂ ಚಳ್ಳಕೆರೆಯನ್ನೂ ಜೊತೆಗಿಟ್ಟು ನೋಡಬೇಕು. ಹರಿಹರದ ಕಾರ್ಖಾನೆ ಸುತ್ತಲಿನ ಹುಡುಗರನ್ನು ಕೆಲಸಕ್ಕೆ ತೆಗೆದುಕೊಂಡಿತ್ತು ಎಂಬುದೇ ವ್ಯತ್ಯಾಸ.

ಮಾರಾಟದ ನಂತರದ ಸೇವೆಗೆ ಪೂರ್ಣ ಅಂಕ ಕೊಡುತ್ತೇನೆ. ಸುಗ್ಗಿಯ ಕಾಲದಲ್ಲಿ ರಾತ್ರಿ ಫೋನು ಮಾಡಿದರೂ ಎತ್ತುತ್ತಾರೆ. ಬೆಲ್ಟು, ಬೇರಿಂಗು, ಬೋಲ್ಟುಗಳೆಲ್ಲ ದಾವಣಗೆರೆಯ ಅಂಗಡಿಗಳಲ್ಲಿ ಸಿಗುವ ಅಳತೆಯವೇ ಆಗಿವೆ, ಬೇಕೆಂದೇ ಹಾಗೆ ಆರಿಸಿಕೊಂಡಿದ್ದಾರೆ. ಸುಗ್ಗಿ ಮುಗಿದ ಮೇಲೆ ಮಾತ್ರ ಇದೇ ವರ್ಕ್‌ಶಾಪ್ ಗೇಟು, ಗ್ರಿಲ್ಲು, ಟ್ರ್ಯಾಕ್ಟರ್ ಟ್ರೇಲರುಗಳ ಕಡೆ ತಿರುಗುತ್ತದೆ. ಸುತ್ತಲಿನ ಗಿರಾಕಿಗಳೆಲ್ಲ ಒಂದೇ ಬೆಳೆಯವರು, ಎಲ್ಲರ ಸುಗ್ಗಿಯೂ ಅದೇ ಎರಡು ತಿಂಗಳು. ಒಂದು ಮಾರ್ಪಾಡನ್ನು ಕಣದಲ್ಲಿ ಪರೀಕ್ಷಿಸುವ ಅವಕಾಶ ತಪ್ಪಿದರೆ ಮುಂದಿನ ಅಕ್ಟೋಬರಿನವರೆಗೆ ಕಾಯಬೇಕು. ಭದ್ರಾ ನೀರಿನ ಭತ್ತಕ್ಕೆ ಬೇರೆ ಯಂತ್ರಗಳಿವೆ, ಚನ್ನಗಿರಿಯ ಕಡೆಯ ಅಡಿಕೆ ತೋಟಕ್ಕೆ ಒಕ್ಕಣೆಯೇ ಬೇಡ. ಅಡಿಕೆ ಸುಲಿಯುವ ಯಂತ್ರಕ್ಕೆ ಕೈ ಹಾಕುವ ಯೋಚನೆ ಅವರಿಗಿದೆ, ಆದರೆ ಅದರ ಗಿರಾಕಿಗಳೂ ದೂರುಗಳೂ ಇರುವುದು ಶಿವಮೊಗ್ಗದ ಕಡೆ. ಅಲ್ಲಿಯ ಯಂತ್ರದವರಿಗೆ ಇರುವ ಅನುಕೂಲ ಇವರಿಗೆ ಅಲ್ಲಿ ಇರುವುದಿಲ್ಲ.

ಬೆಲೆ ಹೊರರಾಜ್ಯದ ಯಂತ್ರಕ್ಕಿಂತ ಗಣನೀಯವಾಗಿ ಕಡಿಮೆ. ಸಹಾಯಧನ ಸಿಗದಿರುವುದನ್ನು ಲೆಕ್ಕ ಹಾಕಿದರೆ ಅಂತರ ಅಷ್ಟೇನೂ ಉಳಿಯುವುದಿಲ್ಲ. ತಮ್ಮ ಹೊಲಕ್ಕೂ ಸುತ್ತಲಿನ ನಾಲ್ಕೂರಿಗೂ ಬಾಡಿಗೆ ಓಡಿಸುವವರು, ಹಸಿ ತೆನೆಯನ್ನೇ ಹೆಚ್ಚಾಗಿ ಒಕ್ಕಬೇಕಾದವರು ಇದನ್ನು ಕೊಳ್ಳಬಹುದು. ಒಣಗಿಸಿ ಒಕ್ಕುವ ಅನುಕೂಲ ಉಳ್ಳವರಿಗೆ, ಬಾಗಲಕೋಟೆ ವಿಜಯಪುರದವರೆಗೆ ಯಂತ್ರ ಒಯ್ಯುವವರಿಗೆ ಪರೀಕ್ಷಾ ವರದಿ ಇರುವ ಕಂಪನಿಯ ಯಂತ್ರವೇ ಲೇಸು, ಏಕೆಂದರೆ ಅಷ್ಟು ದೂರಕ್ಕೆ ಈ ವರ್ಕ್‌ಶಾಪಿನ ಬೈಕು ಬರುವುದಿಲ್ಲ. ಕೊಳ್ಳುವವರು ಮುಂಗಡವನ್ನು ಆಷಾಢದಲ್ಲಿಯೇ ಕೊಟ್ಟು, ದೋಣಿ 90 ಸೆಂಟಿಮೀಟರಿಗೆ ಕಡಿಮೆ ಇರಬಾರದು, ಎಲ್ಲ ಬೆಲ್ಟುಗಳಿಗೂ ಹೊದಿಕೆ ಇರಬೇಕು, ಹಸಿ ತೆನೆಯ ಪುಲ್ಲಿ ಜೊತೆಗೇ ಬರಬೇಕು ಎಂಬುದನ್ನು ರಸೀದಿಯ ಮೇಲೆ ಬರೆಸಿಕೊಳ್ಳಬೇಕು. ಯಂತ್ರ ಒಯ್ಯುವ ದಿನ ಖಾಲಿ ಓಡಿಸಿ ಫ್ಯಾನಿನ ಬದಿಯ ತಗಡಿನ ಮೇಲೆ ಅಂಗೈ ಇಟ್ಟು ನೋಡಿ, ನಡುಕ ಹೆಚ್ಚೆನಿಸಿದರೆ ರೆಕ್ಕೆಗಳನ್ನು ಬಿಚ್ಚಿಸಿ ಒಂದೊಂದನ್ನೂ ತೂಗಿಸಿ ಮತ್ತೆ ಕೂರಿಸುವಂತೆ ಕೇಳಬೇಕು. ಕೇಳಿದರೆ ಮಾಡಿಕೊಡುತ್ತಾರೆ.